ಒದ್ದೆಯಾಗದ ಕೈ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸದ್ದಿಗೆ ಯಾರೂ ಏಳುತ್ತಿರಲಿಲ್ಲ. ಸದ್ದು ನಿಂತರೆ ಏಳುತ್ತಿದ್ದರು. ಮನೆಮನೆಯ ಪವರ್‌ಲೂಮ್ ಮಗ್ಗಗಳು ರಾತ್ರಿಯಿಡೀ ಖಟಪಟ ಎನ್ನುತ್ತಿದ್ದರೆ ಎಲ್ಲರಿಗೂ ಗಡದ್ದು ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಅಜ್ಜಿ ಎದ್ದು ಕೂತು "ಏನಾಯ್ತೋ?" ಅನ್ನುತ್ತಿದ್ದಳು. ಏನೂ ಆಗದೇ ಇದ್ದದ್ದೇ ಆಗಿದ್ದು.

ನನ್ನ ತಲೆಯೂ ಅದೇ ಬೀದಿಯಲ್ಲಿ ಬೆಳೆದದ್ದು. ಕೈತುಂಬ ಕೆಲಸವಿದ್ದಾಗ ಹಾಯಾಗಿರುತ್ತೇನೆ. ಎಲ್ಲ ಮುಗಿದು ಮೇಲಿನವರು ಭೇಷ್ ಅಂದ ದಿನವೇ ನಡುರಾತ್ರಿ ಮೂರಕ್ಕೆ ಎಚ್ಚರ. ಕಳಿಸಿದ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಾಯಿತೆ? ನೆಲಮಂಗಲದಾಚೆ ಶಿವಗಂಗೆಯ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ನಮ್ಮ ಕಡೆಯ ನಂಬಿಕೆ. ನನ್ನ ತಲೆಯಲ್ಲೂ ಅದೇ ಪವಾಡ: ಕಾಯಿಸಿ, ಸೋಸಿ, ಡಬ್ಬಿಗೆ ತುಂಬಿಟ್ಟ ಕೆಲಸ ರಾತ್ರಿ ಮತ್ತೆ ಬೆಣ್ಣೆ. ಎದ್ದು ಕಾಯಿಸಲು ಕೂರುತ್ತೇನೆ. ಆಫೀಸಿನಲ್ಲಿ ಇದನ್ನು ಶ್ರದ್ಧೆ ಅನ್ನುತ್ತಾರೆ.

ಶಿವಗಂಗೆಯಲ್ಲೇ ಒಳಕಲ್ಲು ತೀರ್ಥವಿದೆ. ಬಂಡೆಯ ಕುಳಿಗೆ ಕೈ ತೂರಿಸಬೇಕು. ನೀರು ತಾಗಿದವರು ಪುಣ್ಯವಂತರು. ಏಳನೇ ಕ್ಲಾಸಿನಲ್ಲಿ ನಾನು ತಾಲ್ಲೂಕಿಗೇ ಮೊದಲಿಗನಾದಾಗ ಹರಕೆ ತೀರಿಸಲು ಕರೆದೊಯ್ದಿದ್ದರು. ಗಣಿತದಲ್ಲಿ ಗೋತಾ ಹೊಡೆದಿದ್ದ ಸೋದರಮಾವನ ಮಗ "ಸಿಕ್ತು!" ಎಂದು ನನ್ನ ಮುಖಕ್ಕೇ ನೀರು ಚಿಮುಕಿಸಿದ. ನನ್ನ ಸರದಿ. ಭುಜದವರೆಗೆ ತೂರಿಸಿದರೂ ಬರೀ ತಣ್ಣನೆಯ ಕಲ್ಲು. "ಸಿಕ್ತು" ಅಂದೆ. ಒಣಕೈಯನ್ನು ಚಡ್ಡಿಗೆ ಒರೆಸಿಕೊಂಡೆ ಕೂಡ. "ನಮ್ಮ ಹುಡುಗನಿಗೆ ಸಿಗದೆ ಇರುತ್ತಾ!" ಅಂದರು ಎಲ್ಲರೂ. ಅಲ್ಲಿಂದೀಚೆಗೆ ಪಡೆದ ಪ್ರತಿ ಬಹುಮಾನಕ್ಕೂ ಒಡ್ಡಿದ್ದು ಅದೇ ಒಣಕೈ. ಯಾರಾದರೂ ಮುಟ್ಟಿ ನೋಡಿಯಾರೆಂಬ ದಿಗಿಲು.

2007ರ ಟಿ-20 ವಿಶ್ವಕಪ್‌ನಲ್ಲಿ ಪಾಕಿಸ್ತಾನದೆದುರು ಬೌಲ್-ಔಟ್‌ನಲ್ಲಿ ವಿಕೆಟ್ ಉರುಳಿಸಿ, ಟೋಪಿ ತೆಗೆದು ಬಾಗಿದ ನಮ್ಮ ರಾಬಿನ್ ಉತ್ತಪ್ಪ ನೆನಪಿರಬೇಕು. 2009ರಿಂದ 2011ರ ನಡುವೆ, ಬದುಕೇ ಬೇಡವೆನ್ನಿಸಿದ ದಿನಗಳನ್ನು ದಾಟಿ ಬಂದೆ ಎಂದು ಅವರು ಹೇಳಿಕೊಂಡದ್ದು 2020ರಲ್ಲಿ. ಟೋಪಿ ಎಲ್ಲರಿಗೂ ಕಂಡಿತ್ತು. ತಲೆಯೊಳಗಿನದನ್ನು ಅವರೇ ಹೇಳಬೇಕಾಯಿತು.

ನಾನೂ ಧೈರ್ಯ ಮಾಡಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮಾರ್ಗದರ್ಶನದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ರೋಗಿಯಾಗಿಯೂ ಫಸ್ಟ್ ಕ್ಲಾಸ್ ಬರಬೇಕಲ್ಲ, ಹಿಂದಿನ ರಾತ್ರಿಯೇ ಪಾಯಿಂಟು ಬರೆದಿಟ್ಟುಕೊಂಡಿದ್ದೆ. ಎರಡು ನಿಮಿಷ ತಾಳ್ಮೆಯಿಂದ ಕೇಳಿದ ಆ ಕಡೆಯ ದನಿ, "ಸರ್, ಓದ್ತಾ ಇದೀರಾ?" ಅಂದಿತು. ನಕ್ಕುಬಿಟ್ಟೆ. ಆಮೇಲೆ ಹಾಳೆ ಮಡಚಿಟ್ಟು ಮಾತಾಡಿದೆ.

ಅದೇ ಧೈರ್ಯದಲ್ಲಿ ಊರಿಗೆ ಹೋಗಿ ಅಪ್ಪನಿಗೆ ಒಳಕಲ್ಲಿನ ಸುಳ್ಳನ್ನು ಒಪ್ಪಿಸಿದೆ. ಎಲೆಗೆ ಸುಣ್ಣ ಹಚ್ಚುತ್ತ, "ಗೊತ್ತಿತ್ತು ಕಣೋ" ಅಂದರು. "ಸಾವಿರಾರು ಎಳೇಲಿ ಹರಿದಿರೋ ಒಂದೆಳೆ ಕಾಣುತ್ತೆ ನಂಗೆ. ಚಡ್ಡಿ ಮೇಲೆ ಒದ್ದೆ ಗುರುತೇ ಇರ್ಲಿಲ್ಲ."

"ಮತ್ತೆ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಮೂವತ್ತು ವರ್ಷ ಹಿಡೀತು. ಇದೊಂದ್ರಲ್ಲಿ ನೀನೇ ಲಾಸ್ಟ್."

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಾನು ದಡಕ್ಕನೆ ಎದ್ದೆ.

"ಕೂತ್ಕೊಳೋ," ಅಂದರು ಅಪ್ಪ. "ಕರೆಂಟು ತಾನೆ, ಬರುತ್ತೆ."