ಟೋಪಿಗೂ ಮೀನಿದ್ದ ಕಾಲ

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡಂತೆ ಸ್ಯಾನ್ ವಾನ್ ದ್ವೀಪಗಳಿವೆ. ಬೇಸಿಗೆ ಬಂತೆಂದರೆ ಅಲ್ಲಿನ ಫ್ರೈಡೇ ಹಾರ್ಬರಿನಿಂದ ಓರ್ಕಾ (ಕಿಲ್ಲರ್ ವೇಲ್) ತೋರಿಸುವ ದೋಣಿಗಳು ದಿನವೂ ಹೊರಡುತ್ತವೆ. ಸಿಯಾಟಲ್, ರೆಡ್‌ಮಂಡಿನ ಸಾಫ್ಟ್‌ವೇರ್ ಮಕ್ಕಳ ಮನೆಗೆ ಬಂದಿಳಿದ ನಮ್ಮ ಕಡೆಯ ಅಪ್ಪ-ಅಮ್ಮಂದಿರೂ ಮಂಕಿಕ್ಯಾಪು ತೊಟ್ಟು, ಪುಳಿಯೋಗರೆ ಡಬ್ಬಿ ಹಿಡಿದು ಆ ದೋಣಿಗಳಲ್ಲಿ ಕೂತಿರುತ್ತಾರೆ. ನೋಡಿ ಬಂದವರ ಪ್ರವಾಸಕಥನಗಳಿಗೆ ಬರವಿಲ್ಲ. ನೋಡಿಸಿಕೊಂಡವರ ಅಭಿಪ್ರಾಯ ಕೇಳಿದವರು ಕಾಣೆ. ಆದ್ದರಿಂದ ‘ಸದರ್ನ್ ರೆಸಿಡೆಂಟ್’ ಎಂಬ ಓರ್ಕಾ ಮನೆತನದ ಹಿರಿಯಜ್ಜಿಯೊಬ್ಬರನ್ನು ಲೈಮ್ ಕಿಲ್ನ್ ಪಾಯಿಂಟಿನ ಬಂಡೆಯ ಮೇಲೆ ಕೂತು ಮಾತಾಡಿಸಿದೆವು. ಹೆಸರು, ವಿಜ್ಞಾನಿಗಳು ಕೊಟ್ಟ ನಂಬರು ಎರಡನ್ನೂ ಅಚ್ಚು ಹಾಕಬಾರದು ಎಂಬುದು ಅವರ ಷರತ್ತು.

ನಮಸ್ಕಾರ ಅಜ್ಜಿ. ದೋಣಿಯಲ್ಲೇ ಬರೋಣ ಅಂತಿದ್ದೆ.

ಬಂದಿದ್ದರೆ ದಂಡ ಕಟ್ಟಬೇಕಿತ್ತು. 2025ರ ಜನವರಿಯಿಂದ ನಮ್ಮ ಮನೆತನದವರು ಕಂಡರೆ ಸಾವಿರ ಗಜ ದೂರ ಇರಬೇಕು ಅಂತ ಈ ರಾಜ್ಯದಲ್ಲಿ ದೋಣಿಗಳಿಗೆ ಕಾನೂನಾಗಿದೆ. ಬಂಡೆಗೆ ಆ ಕಾನೂನಿಲ್ಲ. ಇಲ್ಲಿ ದಡದ ಬುಡದಲ್ಲೇ ನೀರು ಆಳ, ಕಲ್ಲಿಗೆ ಮೈ ತಾಗುತ್ತೇನೋ ಅನ್ನೋ ಹಾಗೆ ಹಾದು ಹೋಗ್ತೀವಿ. ದೋಣಿಯವರು ನೂರಕ್ಕೂ ಮೇಲೆ ಡಾಲರು ತೆಗೆದುಕೊಳ್ತಾರೆ. ನೀನು ಕಾರು ನಿಲ್ಲಿಸೋ ಪಾಸಿನ ದುಡ್ಡಲ್ಲೇ ನೋಡ್ತಿದೀಯ.

ನಿಮ್ಮ ಹತ್ತಿರ ಬರುವ ಹಾಗಿಲ್ಲ ಅಂದಮೇಲೆ ದೋಣಿಯವರು ತೋರಿಸೋದು ಯಾರನ್ನ?

ನಮ್ಮ ದಾಯಾದಿಗಳನ್ನ. ಬಿಗ್ಸ್ ಮನೆತನ ಅಂತಾರೆ. ನಮ್ಮನ್ನೆಲ್ಲ ಫೋಟೋ ಹಿಡಿದು ಒಬ್ಬೊಬ್ಬರನ್ನೇ ಗುರುತಿಸಿದ ಕೆನಡಾದ ವಿಜ್ಞಾನಿ ಮೈಕಲ್ ಬಿಗ್ ಅವರ ಹೆಸರು. ಅವರ ಊಟ ಸೀಲು, ಸೀ ಲಯನ್ನು. ನಾವು ಮೀನಿನವರು, ಮಾಂಸ ಮುಟ್ಟೋದಿಲ್ಲ. ಒಂದೇ ನೀರಲ್ಲಿ ಓಡಾಡಿದರೂ ಅವರ ಮಾತು ಬೇರೆ, ನಮ್ಮ ಮಾತು ಬೇರೆ. ಹೆಣ್ಣು ಕೊಡೋದು, ತರೋದು ಲಕ್ಷಾಂತರ ವರ್ಷದಿಂದ ಇಲ್ಲ.

ಇದು ನಮ್ಮ ಓದುಗರಿಗೆ ವಿವರಣೆಯಿಲ್ಲದೇ ಅರ್ಥವಾಗುತ್ತೆ.

ಆಗಲೇಬೇಕಲ್ಲ! ಆದರೆ ಮಡಿಗೂ ಬೆಲೆ ಇದೆ ಕಣಪ್ಪ. ಇರೋದೇ ಎಪ್ಪತ್ತು ಚಿಲ್ಲರೆ ಜೀವ. ಒಳಗೊಳಗೇ ಸಂಬಂಧ ಮಾಡಿ ವಂಶ ಸೊರಗಿದೆ. (ಇದು ಅಜ್ಜಿಯವರ ಸ್ವಂತ ಅಭಿಪ್ರಾಯ. ವಧೂವರ ಕೇಂದ್ರದವರು ನಮಗೆ ಪತ್ರ ಬರೆಯಬೇಕಾಗಿಲ್ಲ.) ದಾಯಾದಿಗಳು ಮಾತ್ರ ಸೊಂಪಾಗಿದ್ದಾರೆ. 1972ರಲ್ಲಿ ಕಡಲ ಸಸ್ತನಿಗಳನ್ನು ಕೊಲ್ಲಬಾರದು ಅಂತ ಅಮೆರಿಕದವರು ಕಾನೂನು ತಂದರು, ಸೀಲುಗಳು ಹೆಚ್ಚಿದವು. ಆಮೇಲೆ ಅವರ ಮನೇಲಿ ತೊಟ್ಟಿಲು ಖಾಲಿ ಬಿದ್ದಿದ್ದೇ ಇಲ್ಲ. ಈಗ ಕ್ಯಾಪ್ಟನ್ ದುರ್ಬೀನು ಹಿಡಿದು ದೂರದಿಂದಲೇ ಬೆನ್ನ ಮೇಲಿನ ರೆಕ್ಕೆ ನೋಡ್ತಾನೆ. ತುದಿ ಚೂಪಾಗಿದ್ದರೆ ದಾಯಾದಿ, ಇನ್ನೂರು ಗಜದವರೆಗೆ ಹೋಗಬಹುದು. ತುದಿ ಕೊಂಚ ದುಂಡಗಿದ್ದು, ಹಿಂದಿನ ಬೂದು ಮಚ್ಚೆಯೊಳಗೆ ಕಪ್ಪು ನುಗ್ಗಿದ್ದರೆ ನಾವು. ಆಗ ಸಾಲ ಕೊಟ್ಟವನನ್ನು ಕಂಡ ಹಾಗೆ ದೋಣಿ ತಿರುಗಿಸಿಕೊಂಡು ಓಡ್ತಾನೆ.

ಅಂತೂ ಕಾಟ ತಪ್ಪಿತು. ಖುಷಿ ತಾನೆ?

ಖುಷಿನೇ, ಇಲ್ಲ ಅನ್ನಲ್ಲ. ನಾವು ಬೇಟೆ ಆಡೋದು ಕಿವಿಯಿಂದ. ಟಿಕ್ ಟಿಕ್ ಅಂತ ಸದ್ದು ಬಿಡ್ತೀವಿ, ಅದು ಮೀನಿಗೆ ತಾಗಿ ವಾಪಸು ಬರೋದನ್ನ ಕೇಳಿ ಬೆನ್ನು ಹತ್ತುತ್ತೀವಿ. ನೆತ್ತಿ ಮೇಲೆ ಎಂಜಿನ್ನುಗಳು ಗೊರಗುಟ್ಟಿದರೆ ಏನು ಕೇಳಿಸುತ್ತೆ? ದೋಣಿ ಹತ್ತಿರ ಬಂದರೆ ನಮ್ಮ ಹೆಂಗಸರು ಬೇಟೆಯನ್ನೇ ಕೈಬಿಡೋದು ಜಾಸ್ತಿ ಅಂತ ನಿಮ್ಮವರೇ ಅಳೆದು ಬರೆದಿದ್ದಾರೆ. ಹಾಗಂತ ಟಿಕೆಟ್ ದೋಣಿಯವರನ್ನೇ ಬೈಯಬೇಡ. ಸ್ವಂತ ದೋಣಿ ಇಟ್ಟುಕೊಂಡು, ರಜಾದಲ್ಲಿ ಗಾಳ ಹಾಕೋಕೆ ಬಂದು, ನಮ್ಮನ್ನು ಕಂಡ ತಕ್ಷಣ ಫೋನು ಎತ್ತೋರದೇ ತಪ್ಪು ಹೆಚ್ಚು. ಇನ್ನು ಹಡಗುದಾರಿಯಲ್ಲಿ ಸಾಗೋ ದೊಡ್ಡ ಹಡಗುಗಳಿಗೆ ಸಾವಿರ ಗಜದ ಲೆಕ್ಕವೇ ಇಲ್ಲ. 2024ರ ಮೇ ತಿಂಗಳಲ್ಲಿ ಕೆನಡಾದವರು ಟ್ರಾನ್ಸ್ ಮೌಂಟನ್ ಅನ್ನೋ ಎಣ್ಣೆ ಪೈಪ್‌ಲೈನಿನ ವಿಸ್ತರಣೆ ಮುಗಿಸಿ ಚಾಲೂ ಮಾಡಿದರು. ಆ ಎಣ್ಣೆ ಹೊತ್ತ ಟ್ಯಾಂಕರುಗಳು ಹೋಗೋದು ಇದೇ ಹ್ಯಾರೋ ಜಲಸಂಧಿಯಲ್ಲಿ. ಪುಳಿಯೋಗರೆ ಡಬ್ಬಿಯವರು ಬೀದಿಯಲ್ಲೇ ನಿಲ್ಲಬೇಕು. ಎಣ್ಣೆ ಡಬ್ಬಿಯವರು ನಡುಮನೆಯಲ್ಲೇ ಹಾದು ಹೋಗಬಹುದು.

ಹಳೆಯ ಕಾಲವೇ ವಾಸಿ ಅನ್ನಿಸುತ್ತಾ?

ಹಳೆಯ ಕಾಲದಲ್ಲಿ ಯಾರೂ ದೂರ ನಿಂತು ನೋಡ್ತಿರಲಿಲ್ಲ. ಹೊತ್ತುಕೊಂಡು ಹೋಗಿ ನೋಡ್ತಿದ್ದರು. 1970ರ ಆಗಸ್ಟ್ 8, ಪೆನ್ ಕೋವ್. ಮೇಲೆ ವಿಮಾನ, ಹಿಂದೆ ದೋಣಿ, ನೀರಿಗೆ ಸಿಡಿಮದ್ದು. ನಮ್ಮನ್ನೆಲ್ಲ ಕೊಲ್ಲಿಗೆ ಅಟ್ಟಿ ಬಲೆ ಬಿಗಿದರು. ತಾಯಂದಿರಿಂದ ಮರಿಗಳನ್ನು ಬೇರೆ ಮಾಡಿ ಏಳು ಮರಿಗಳನ್ನು ಅಕ್ವೇರಿಯಮ್ಮುಗಳಿಗೆ ಮಾರಿದರು. ಬಲೆಯಲ್ಲಿ ಸಿಕ್ಕಿ ಸತ್ತವುಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ ಮುಳುಗಿಸಿದರು, ಲೆಕ್ಕ ಯಾರಿಗೂ ಸಿಗಬಾರದು ಅಂತ. ಹೆಣಗಳು ಆಮೇಲೆ ದಡಕ್ಕೆ ಬಂದು ಲೆಕ್ಕ ಕೊಟ್ಟವು. ಅವತ್ತು ಹೋದ ಮರಿ ಟೊಕಿಟೇ ಮಯಾಮಿಯ ತೊಟ್ಟಿಯಲ್ಲಿ ಲೋಲಿಟಾ ಅನ್ನಿಸಿಕೊಂಡು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಳು. 2023ರ ಮಾರ್ಚಿನಲ್ಲಿ ಅವಳನ್ನು ಊರಿಗೆ ಕಳಿಸ್ತೀವಿ ಅಂತ ಘೋಷಣೆ ಮಾಡಿದರು. ಆಗಸ್ಟಿನಲ್ಲಿ ತೀರಿಕೊಂಡಳು. ಇಲ್ಲಿನ ಮೂಲನಿವಾಸಿಗಳು, ಲಮ್ಮಿ ಜನ, ಅವಳ ಬೂದಿ ತಂದು ಈ ನೀರಿಗೆ ಬಿಟ್ಟರು.

ಹಾಗಿದ್ದರೆ ಟಿಕೆಟ್ ಕೊಂಡು ನೋಡುವವರ ಮೇಲೆ ಸಿಟ್ಟಿಲ್ಲ?

ಹಿಡಿಯೋರಿಗಿಂತ ನೋಡೋರು ವಾಸಿ. ‘ಷೋ ಎಷ್ಟು ಗಂಟೆಗೆ?’ ಅಂತ ಕೇಳದಿದ್ದರೆ ಸಾಕು.

ಸಂಸಾರದ ವಿಷಯ ಒಂದಿಷ್ಟು ಹೇಳಿ.

ನಮ್ಮಲ್ಲಿ ಗಂಡು ಮಕ್ಕಳು ಬೇರೆ ಮನೆ ಮಾಡೋದಿಲ್ಲ. ಸಾಯೋವರೆಗೂ ಅಮ್ಮನ ಬೆನ್ನ ಹಿಂದೆ. ರೆಕ್ಕೆ ಆಳೆತ್ತರ ಬೆಳೆದಿದ್ದರೂ ಮೂವತ್ತು ವರ್ಷದ ಮಗನಿಗೆ ಅಮ್ಮನೇ ಮೀನು ಮುರಿದು ಕೊಡಬೇಕು. ಹೀಗೆ ಗಂಡು ಮಕ್ಕಳನ್ನು ಸಾಕೋ ತಾಯಿಗೆ ಮತ್ತೆ ಹೆರೋ ಶಕ್ತಿಯೇ ಕಡಿಮೆಯಾಗುತ್ತೆ ಅಂತ ಸಂಶೋಧನೆ ಮಾಡಿ ಹೇಳಿದ್ದಾರೆ. ಯಾವ ಅತ್ತೆಯನ್ನು ಕೇಳಿದ್ದರೂ ಹೇಳ್ತಿದ್ದಳು. ಊಹೂಂ, ಅತ್ತೆ ಅಲ್ಲ, ಸೊಸೆ.

ನಿಮ್ಮಲ್ಲಿ ಫ್ಯಾಷನ್ನೂ ಇತ್ತಂತೆ?

ಅದಾ! 1987ರ ಬೇಸಿಗೆ. ನಮ್ಮ ಮನೆತನದ ಕೆ ಗುಂಪಿನ ಹುಡುಗಿಯೊಬ್ಬಳು ಸತ್ತ ಸಾಲ್ಮನ್ ಒಂದನ್ನು ತಲೆ ಮೇಲೆ ಹೊತ್ತು ತಿರುಗಿದಳು. ನೋಡ್ತಾ ನೋಡ್ತಾ ಬೇರೆ ಗುಂಪಿನ ಮಕ್ಕಳೂ ಶುರು ಮಾಡಿಕೊಂಡರು. ಒಂದಿಷ್ಟು ವಾರ ನಡೀತು, ನಿಂತಿತು. ಯಾಕೆ ಅಂತ ನಿಮ್ಮ ಪಂಡಿತರು ಇವತ್ತಿಗೂ ತಲೆ ಕೆರೆದುಕೊಳ್ತಿದ್ದಾರೆ. ಆಗ ಟೋಪಿ ಮಾಡಿಕೊಂಡು ಮಿಗೋವಷ್ಟು ಮೀನಿತ್ತು, ಅಷ್ಟೇ. ಈಗ ನಾವು ಟೋಪಿ ಹಾಕೋದು ಹೆಚ್ಚುಕಮ್ಮಿ ಬಿಟ್ಟಿದ್ದೀವಿ. ನಮಗೆ ಹಾಕೋರು ಬಿಟ್ಟಿಲ್ಲ.

ಯಾರು ಅಜ್ಜಿ?

ನಮಗೆ ಬೇಕಿರೋದು ಚಿನೂಕ್. ಸಾಲ್ಮನ್ನುಗಳಲ್ಲೇ ದೊಡ್ಡದು, ಕೊಬ್ಬಿರೋದು. ಬೇಸಿಗೆಯಲ್ಲಿ ಫ್ರೇಸರ್ ನದಿಗೆ ಹೋಗೋ ಮೀನು, ಚಳಿ ಕಳೆಯೋ ಹೊತ್ತಿಗೆ ಕೊಲಂಬಿಯಾ ನದಿಮುಖದ ಮೀನು. ಆ ಕೊಲಂಬಿಯಾದ ಉಪನದಿ ಸ್ನೇಕ್. ಅದರ ಕೆಳಪಾತ್ರದಲ್ಲಿ 1960, 70ರ ದಶಕಗಳಲ್ಲಿ ಮೀನಿನ ದಾರಿಗೆ ಅಡ್ಡವಾಗಿ ನಾಲ್ಕು ಅಣೆಕಟ್ಟು ಕಟ್ಟಿದರು. ಅವನ್ನು ತೆಗೆದರೆ ಬದಲಿ ವಿದ್ಯುತ್ತು ಎಲ್ಲಿಂದ ಅಂತ ನೋಡೋಕೆ 2023ರ ಡಿಸೆಂಬರಿನಲ್ಲಿ ಒಂದು ಒಪ್ಪಂದವಾಯ್ತು. ತೆಗೀತೀವಿ ಅಂತಲ್ಲ, ನೋಡ್ತೀವಿ ಅಂತ. 2025ರ ಜೂನಿನಲ್ಲಿ ಟ್ರಂಪ್ ಸಾಹೇಬರು ಅದನ್ನೂ ಕಿತ್ತು ಹಾಕಿದರು.

2018ರಲ್ಲಿ ಈ ರಾಜ್ಯದ ಗವರ್ನರು ನಮಗೋಸ್ಕರ ಕಾರ್ಯಪಡೆ ಮಾಡಿದರು. ಅದೇ ಬೇಸಿಗೆ ನಮ್ಮ ಟಾಲೆಕ್ವಾ ತನ್ನ ಸತ್ತ ಮರಿಯನ್ನು 17 ದಿನ ಹೊತ್ತು ತಿರುಗಿದಳು. ಲೋಕವೆಲ್ಲ ಕಣ್ಣೀರು ಹಾಕಿತು. ಕಣ್ಣೀರು ಬಂತು, ಸಾಲ್ಮನ್ ಬರಲಿಲ್ಲ. ದೋಣಿ ಎಷ್ಟು ದೂರ ನಿಲ್ಲಬೇಕು ಅನ್ನೋದು ಮಾತ್ರ ಬೇಗ ಬೇಗ ತೀರ್ಮಾನವಾಯ್ತು. 2019ರಲ್ಲಿ ಮುನ್ನೂರು ಗಜ, ಈಗ ಸಾವಿರ. ಸಾವಿರ ಗಜದ ಕಾನೂನು ಜಾರಿಗೆ ಬಂದ ಅದೇ ಜನವರಿಯಲ್ಲಿ ಅವಳು ಇನ್ನೊಂದು ಮರಿಯ ಹೆಣ ಹೊತ್ತಿದ್ದಳು. ದೋಣಿಯವನಿಗೆ ‘ಹಿಂದೆ ಸರಿಯಪ್ಪ’ ಅನ್ನೋದು ಸುಲಭ ಮಗಾ. ಅಣೆಕಟ್ಟಿಗೆ ಹೇಳೋರು ಯಾರು?

ಸ್ಪೇನ್, ಪೋರ್ಚುಗಲ್ ಕಡೆ 2020ರಿಂದ ನಿಮ್ಮವರು ದೋಣಿಗಳ ಚುಕ್ಕಾಣಿ ಮುರೀತಿದ್ದಾರಲ್ಲ?

ಅವರು ಬೇರೆ ಮನೆತನ. ಪ್ರತಿಕ್ರಿಯೆ ಇಲ್ಲ. ಆಟಕ್ಕೆ ಮಾಡ್ತಾರೆ ಅಂತ ಕೇಳಿದ್ದೀನಿ. (ನಗು.)

ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳ್ತೀರಿ?

ಬರೋರು ಬರಲಿ. ದೋಣಿಯೇ ಹತ್ತಬೇಕು ಅಂದರೆ ದಾಯಾದಿಗಳನ್ನು ನೋಡಿಕೊಂಡು ಹೋಗಲಿ, ಅವರೂ ಲಕ್ಷಣವಾಗೇ ಇದ್ದಾರೆ. ನಮ್ಮನ್ನು ನೋಡಬೇಕು ಅಂದರೆ ಅನಕೋರ್ಟಿಸಿನಲ್ಲಿ ಫೆರಿ ಹಿಡಿದು ಈ ಬಂಡೆಗೆ ಬರಲಿ. ಮೊದಲೆಲ್ಲ ಬೇಸಿಗೆಯಲ್ಲಿ ನಾವು ಇಲ್ಲೇ ಠಿಕಾಣಿ ಹೂಡ್ತಿದ್ದೆವು. ಈಗ ಮೀನಿದ್ದರೆ ಬರ್ತೀವಿ, ಇಲ್ಲದಿದ್ದರೆ ಇಲ್ಲ. ‘ಕಾಣದಿದ್ದರೆ ಇನ್ನೊಂದು ಟ್ರಿಪ್ ಫ್ರೀ’ ಅಂತ ದೋಣಿಯವರು ಕೊಡೋ ಗ್ಯಾರಂಟಿ, ನಿಮ್ಮೂರ ಸರ್ಕಾರ ಕೊಡೋ ಗ್ಯಾರಂಟಿ, ಅವೆಲ್ಲ ನಮ್ಮ ಕೈಲಾಗೋದಿಲ್ಲ.