ತಂಪಿನ ಕಾರಭಾರ

ಹೋಳಿ ಹುಣ್ಣಿಮೆ ದಾಟಿತೆಂದರೆ ವಿಜಯಪುರದಲ್ಲಿ ಕ್ಷೇಮಸಮಾಚಾರದ ಮಾತೇ ಬೇರೆಯಾಗುತ್ತದೆ. ‘ಆರಾಮ ಇದ್ದೀರಿ?’ ಎನ್ನುತ್ತಿದ್ದವರೆಲ್ಲ ‘ಕೂಲರ್ ಇಳಿಸಿದ್ರಿ?’ ಎನ್ನತೊಡಗುತ್ತಾರೆ. ಇಳಿಸುವುದು ಅಟ್ಟದಿಂದ. ಮಳೆಗಾಲ, ಚಳಿಗಾಲವೆಲ್ಲ ಹಳೇ ಚಾದರ ಹೊದ್ದು ಕೂತಿದ್ದ ಆ ತಗಡಿನ ಡಬ್ಬಿಯನ್ನು ಇಬ್ಬರು ಹಿಡಿದು ಅಂಗಳಕ್ಕೆ ತಂದರೆ, ಒಳಗಿಂದ ಮೊದಲು ಹೊರಬರುವುದು ಹಲ್ಲಿ. ತಂಪುಗಾಳಿಯ ಪಾಳಿ ಆಮೇಲೆ. ಪಕ್ಕದ ಜಾಳಿಗೆ ಬಿಚ್ಚಿದರೆ ಹೋದ ವರ್ಷದ ಹುಲ್ಲು ಬೆಳ್ಳಗೆ ಬಿರುಸಾಗಿ ನಿಂತಿರುತ್ತದೆ. ನಮ್ಮ ಬೋರಿನ ನೀರು ಅಂಥಾದ್ದು. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಮಾತ್ರ ಹುಲ್ಲಿನಲ್ಲೇ ಸಂಸಾರ ಹೂಡುತ್ತದೆ. ಹುಲ್ಲು ಬದಲಿಸಿ, ಮೋಟರಿನ ಬಾಯಿ ಉಜ್ಜಿ, ತಳಕ್ಕೆ ಡಾಂಬರು ಬಳಿದು, ಕೊನೆಗೊಂದು ಒದೆ ಕೊಟ್ಟರೆ ಫ್ಯಾನು ತಿರುಗುತ್ತದೆ. ಆ ಒದೆ ಎಲ್ಲಿಗೆ ಬೀಳಬೇಕೆಂಬುದು ಪ್ರತಿ ಮನೆಯಲ್ಲೂ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ.

ಆಮೇಲೆ ಕಿಟಕಿಯ ಜಗಳ. ‘ಕಿಟಕಿ ತೆರದ್ರ ತಂಪೆಲ್ಲಾ ಹೊರಗ ಹೋಗ್ತದ’ ಎಂದು ಅವ್ವ ಎಲ್ಲ ಕದ ಹಾಕುತ್ತಾಳೆ. ಕೂಲರಿನ ಧರ್ಮವೋ ತದ್ವಿರುದ್ಧ. ಹೊರಗಿನ ಒಣಗಾಳಿಯನ್ನು ತೊಯ್ದ ಹುಲ್ಲಿನಲ್ಲಿ ಹಾಯಿಸುವುದಷ್ಟೇ ಅದರ ಕೆಲಸ. ನೀರು ಆವಿಯಾಗುವಾಗ ಗಾಳಿಯ ಕಾವನ್ನೇ ಕಸಿದುಕೊಳ್ಳುತ್ತದೆ. ಒಳಗಿನ ಹಸಿ ಗಾಳಿಗೆ ಹಾದಿ ಬಿಡದಿದ್ದರೆ ಅರ್ಧ ತಾಸಿನಲ್ಲಿ ಕೋಣೆ ಮಂಗಳೂರಾಗುತ್ತದೆ. ನಾನಿದನ್ನು ಅವ್ವನಿಗೆ ಪ್ರತಿ ವರ್ಷ ವಿವರಿಸುತ್ತೇನೆ. ಅವಳು ಪೂರ್ತಿ ಕೇಳಿ, ತಲೆಯಾಡಿಸಿ, ಎದ್ದು ಹೋಗಿ ಕಿಟಕಿ ಹಾಕುತ್ತಾಳೆ.

ಬಬಲೇಶ್ವರದ ಕಾಕಾನಿಗೆ ಈ ರಗಳೆಯೇ ಇಲ್ಲ. ಅವನದು ಮೇಲ್ಮುದ್ದೆ ಮನೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಮೊಳದಷ್ಟು ಹಾಳುಮಣ್ಣು. ಗೋಡೆಯೂ ಅಷ್ಟೇ ದಪ್ಪ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಆ ಬಿಸಿಲು ಮಣ್ಣು ದಾಟಿ ಪಡಸಾಲೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಳಗಿನ ಬಿಸಿ ಗಾಳಿಗೂ ಹೊಗೆಗೂ ನೆತ್ತಿಯ ಮೇಲೆ ಬೆಳಕಿಂಡಿ. ಗುಡುಗಿತೋ, ಹುಡುಗರು ನಿಚ್ಚಣಿಕೆ ಹತ್ತಿ ಓಡಿ ಆ ಕಿಂಡಿಗೆ ತಗಡು ಮುಚ್ಚಿ ಮೇಲೊಂದು ಕಲ್ಲು ಇಡಬೇಕು. ತಡವಾದರೆ ಕೆಳಗಿನ ರೊಟ್ಟಿ ಬುಟ್ಟಿಗೆ ನೇರ ಮಳೆ.

ಹಳೇ ಮನೆಗೆ ಖರ್ಚಿಲ್ಲ ಎನ್ನುವವರು ಮಿರಗದ ಮಳೆಗೆ ಮುಂಚಿನ ವಾರ ಕಾಕಾನ ಮ್ಯಾಳಿಗಿ ಹತ್ತಿ ನೋಡಬೇಕು. ಹುಟ್ಟಿದ ಹುಲ್ಲು ಕೀಳು, ಇಲಿ ಬಿಲ ಮುಚ್ಚು, ಊರ ಹಾಳು ಗೋಡೆಗಳ ಮಣ್ಣು ಹೊತ್ತು ತಂದು ಹರವು, ಇಳಿಜಾರು ಸರಿ ಮಾಡು, ನೀರು ಬೀಳುವ ಕೊಳವೆ ಬಿಡಿಸು. ಇಷ್ಟಾಗಿಯೂ ಮೊದಲ ಮಳೆಗೆ ದೇವರ ಜಗಲಿಯ ಮೇಲೇ ಸೋರುತ್ತದೆ. ಇನ್ನು ರಾತ್ರಿ: ಹಗಲೆಲ್ಲ ಕುಡಿದ ಕಾವನ್ನು ಮಣ್ಣು ಕತ್ತಲಾದ ಮೇಲೆ ಒಳಗೇ ಕಾರುತ್ತದೆ. ಅದಕ್ಕೇ ಊರೆಲ್ಲ ಹಾಸಿಗೆ ಸುತ್ತಿಕೊಂಡು ಮ್ಯಾಳಿಗಿ ಹತ್ತುತ್ತಿದ್ದದ್ದು. ನಿಜ ಹೇಳಬೇಕೆಂದರೆ ಆ ಕಾಲದಲ್ಲಿ ತಂಪು ಮನೆಯಲ್ಲಿ ತಿರುಗುತ್ತಿರಲಿಲ್ಲ, ಜನರೇ ತಿರುಗುತ್ತಿದ್ದರು: ಬೆಳಗ್ಗೆ ಕಟ್ಟೆ, ಮಧ್ಯಾಹ್ನ ಪಡಸಾಲೆ, ರಾತ್ರಿ ಮ್ಯಾಳಿಗಿ. ಒಲೆ ಮುಂದೆ ರೊಟ್ಟಿ ಬಡಿಯುವವಳಿಗೆ ಮಾತ್ರ ಈ ತಿರುಗಾಟದಲ್ಲಿ ಪಾಲಿರಲಿಲ್ಲ.

ಕಾಕಾನ ಮಗ ಮನೆಯ ಒಂದು ಅಂಕಣ ಕೆಡವಿ ಸ್ಲ್ಯಾಬ್ ಹಾಕಿಸಿದ. ಐದಿಂಚಿನ ಕಾಂಕ್ರೀಟು ಮಧ್ಯಾಹ್ನಕ್ಕೇ ರೊಟ್ಟಿ ಹಂಚು. ಅದರ ಕಾವಿಗೆ ಮದ್ದೆಂದು ಎಸಿ ಬಂತು. ಮನೆಮಂದಿಯೆಲ್ಲ ಕೂಡುವ ಪಡಸಾಲೆಗೇ ಮೊದಲು ಕೂರಿಸೋಣವೆಂದು ವಿಜಯಪುರದಿಂದ ಬಂದ ಮಿಸ್ತ್ರಿ ಗೋಡೆಗೆ ಡ್ರಿಲ್ ಹಚ್ಚಿದ. ಡ್ರಿಲ್ಲಿನ ಬಿಟ್ ಪೂರಾ ಒಳಗೆ ಹೋಯಿತು, ಬೆಳಕು ಕಾಣಲಿಲ್ಲ. ‘ಗ್ವಾಡಿ ಇನ್ನೂ ಎಷ್ಟ್ ಅದರೀ ಕಾಕಾರ?’ ಎಂದ. ಮೊಳೆ ಹೊಡೆದರೆ ಮಣ್ಣು ಉದುರಿತು. ತಲೆ ಎತ್ತಿ ಬೆಳಕಿಂಡಿ ನೋಡಿದ, ಜಂತಿ ಸಂದಿಯ ಗುಬ್ಬಿ ಗೂಡು ನೋಡಿದ, ಬಾಗಿಲ ಕೆಳಗೆ ಬೆಕ್ಕು ನುಸುಳುವ ಜಾಗ ನೋಡಿದ. ‘ಎಸಿ ಆಮ್ಯಾಲ ರೀ, ಮೊದಲ ಮನಿಗೆ ಬೂಚ ಹಾಕಬೇಕು’ ಎಂದು ಸಾಮಾನು ಎತ್ತಿಕೊಂಡು ಸ್ಲ್ಯಾಬಿನ ಕೋಣೆಗೆ ನಡೆದ.

2020ರಿಂದ ಬರುವ ಎಸಿಗಳು ಚಾಲೂ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ಕೇಂದ್ರ ಸರಕಾರದ ನಿಯಮ. ಕಾಕಾನ ಮಗನಿಗೆ ಅದು ಸಾಲದು, 18ಕ್ಕೆ ಇಳಿಸುತ್ತಾನೆ. ಒಮ್ಮೆ ಒತ್ತಾಯಕ್ಕೆ ಅಲ್ಲಿ ಮಲಗಿದ ಕಾಕಾ ನಡುರಾತ್ರಿ ಎದ್ದು ‘ಕೌದಿ ಹೊತಗೊಳ್ಳಾಕ ಯಾಕೋ ತಮ್ಮಾ ಇಷ್ಟ್ ಕರೆಂಟ್ ಬಿಲ್ಲು?’ ಎಂದನಂತೆ. ಸ್ಲ್ಯಾಬಿಗೆ ಎರಡು ಸಲ ಸುಣ್ಣ ಬಳಿದಿದ್ದರೆ ಅರ್ಧ ಬಿಸಿಲು ಮೇಲಿಂದಲೇ ವಾಪಸು ಹೋಗುತ್ತಿತ್ತು ಎಂಬುದು ನನ್ನ ವಾದ. ಸುಣ್ಣಕ್ಕೆ ರಿಮೋಟ್ ಇಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ.

ತಂಪಿನ ಹುಚ್ಚು ವಿಜಯಪುರಕ್ಕೆ ಹೊಸತೇನಲ್ಲ. ಸಿಂದಗಿ ರಸ್ತೆಯ ಕುಮಟಗಿಯಲ್ಲಿ ಆದಿಲಶಾಹಿ ಸುಲ್ತಾನರು ಕೆರೆಯ ದಂಡೆಗೆ ಜಲಮಂಟಪ ಕಟ್ಟಿ, ಚಾವಣಿಯಿಂದಲೇ ತುಂತುರು ಸುರಿಯುವಂತೆ ಕೊಳವೆ ಕೂರಿಸಿದ್ದರು. ನಗರಕ್ಕೆ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ, 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ನಡುನಡುವೆ ಗಂಜ್ ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸಿ ಹೂಳು ತಡೆಯುತ್ತಿದ್ದವು. ಸುಲ್ತಾನರಿಗೂ ಕೊಳವೆ ಕಟ್ಟಿಕೊಳ್ಳುವ ಚಿಂತೆ ಇತ್ತೆಂದಾಯಿತು. ಕೂಲರ್ ಮೋಟರು ಉಜ್ಜುವಾಗ ನನಗೆ ಅಷ್ಟೇ ಸಮಾಧಾನ.

ಚಳಿಗಾಲದ ಕಥೆ ಸಣ್ಣದು. ಡಿಸೆಂಬರಿನಲ್ಲಿ ಇದೇ ಊರು ಕೆಲವು ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಚ್ಚಲ ಹಂಡೆ, ಅದರ ಒಲೆಯ ಬಾಯಿಗೆ ಹತ್ತಿಕಟಗಿ ಇದ್ದಾಗ ಚಳಿ ಕಾಯಿಸಿಕೊಳ್ಳುವುದೂ ಸ್ನಾನವೂ ಒಂದೇ ಕಡೆ ಮುಗಿಯುತ್ತಿತ್ತು. ಈಗ ಗೀಜರು. ಅದರ ಕಾಯಿಲಿಗೂ ಕೂಲರಿನ ಹುಲ್ಲಿಗೂ ಹತ್ತುವುದು ಅದೇ ಸುಣ್ಣ.

ತಿಕೋಟಾದಲ್ಲಿ ನಮ್ಮ ಸೋದರಮಾವನ ದ್ರಾಕ್ಷಿ ತೋಟವಿದೆ. ನಮ್ಮನ್ನು ಹುರಿಯುವ ಈ ಒಣಗಾಳಿಯೇ ಅಲ್ಲಿ ದುಡಿಮೆಗೆ ನಿಲ್ಲುತ್ತದೆ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಸಿಪ್ಪೆಯ ಮೇಣ ಸಡಿಲಿಸಿ, ನಾಲ್ಕೂ ಕಡೆ ಬಯಲಾದ ಶೆಡ್ಡಿನ ನೆರಳಿನಲ್ಲಿ ಜಾಳಿಗೆಯ ಮೇಲೆ ಹರವಿದರೆ ಎರಡು ವಾರದಲ್ಲಿ ಒಣದ್ರಾಕ್ಷಿ. ಅಲ್ಲಿಂದ ಬಾಕ್ಸು ತುಂಬಿ ನೇರ ಕೋಲ್ಡ್ ಸ್ಟೋರೇಜ್. ಬಣ್ಣ ಕೆಡಬಾರದು, ರೇಟು ಏರುವವರೆಗೆ ಕಾಯಬೇಕು. ಹೋದ ಏಪ್ರಿಲಿನಲ್ಲಿ ಮಾವ ಬೀಸಣಿಕೆ ಬೀಸಿಕೊಳ್ಳುತ್ತ ಆ ಬಾಡಿಗೆಯ ಚೀಟಿ ತೋರಿಸುತ್ತಿದ್ದ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಡಿಗೆ ಮನೆಯಿಂದ ಬಂದ ಅತ್ತಿ, ‘ಬರೋ ವರ್ಷ ಅಲ್ಲೇ ಒಂದ್ ನಾಲ್ಕ್ ಬಾಕ್ಸಿನ ಜಾಗಾ ನಮಗೂ ಹಿಡೀರಿ’ ಎಂದಳು. ಮಾವ ನಗಲಿಲ್ಲ. ಚೀಟಿ ತಿರುವಿ, ನಾಲ್ಕು ಬಾಕ್ಸಿಗೆ ತಿಂಗಳಿಗೆ ಎಷ್ಟು ಬೀಳುತ್ತದೆಂದು ಬೆರಳು ಮಡಚತೊಡಗಿದ.