ಬಿ ಇದ್ದರೂ ಸಾಕು, ಕಾಕಾ

ಕೋಥ್ರೂಡಿನ ನಮ್ಮ ಪಕ್ಕದ ಮನೆ ಕಾಕಾ ಧಾರವಾಡ ಬಿಟ್ಟು ಎಷ್ಟೋ ವರ್ಷವಾಯಿತು. ಕಂಪೌಂಡ್ ಗೋಡೆಗೆ ಮೊಣಕೈ ಊರಿದರೆಂದರೆ ಮಾತ್ರ ಪುಣೆಯೇ ಧಾರವಾಡ.

“ತಮ್ಮಾ, ಈ ಚಿಪ್‌ಸೆಟ್ ಅಂದ್ರ ಏನಪಾ? ನಮ್ಮ ಹುಡುಗ ಗೇಮಿಂಗ್ ಕಂಪ್ಯೂಟರಿಗೆ ಎಕ್ಸ್870ಇ ಬೋರ್ಡೇ ಬೇಕಂತ ಹಟಾ ಹಿಡದಾನ. ಬಿ650 ಹಾಕಿದ್ರ ಗೇಮು ತೆವಳತಾವಂತ!”

ಹಾಗೇನಿಲ್ಲ ಕಾಕಾ, ಅದು ಹಳೇ ಕಾಲದ ಮಾತು ಎಂದೆ. ಆಗ ಬೋರ್ಡಿನ ಮೇಲೆ ನಾರ್ತ್‌ಬ್ರಿಜ್, ಸೌತ್‌ಬ್ರಿಜ್ ಅಂತ ಎರಡು ಚಿಪ್ಪು. ರ‍್ಯಾಮೂ ಗ್ರಾಫಿಕ್ಸೂ ನಾರ್ತ್‌ಬ್ರಿಜ್ ದಾಟಿಯೇ ಪ್ರೊಸೆಸರಿಗೆ ಹೋಗಬೇಕು. 2003ರಲ್ಲಿ ಎಎಮ್‌ಡಿ ತನ್ನ ಅಥ್ಲಾನ್ 64ರಲ್ಲಿ ರ‍್ಯಾಮಿನ ಉಸ್ತುವಾರಿಯನ್ನು ಪ್ರೊಸೆಸರಿನೊಳಗೇ ಎಳೆದುಕೊಂಡಿತು. ಇಂಟೆಲ್ 2008ರಲ್ಲಿ ಅದೇ ದಾರಿ ಹಿಡಿಯಿತು. ಈಗ ಗ್ರಾಫಿಕ್ಸ್ ಕಾರ್ಡಿನ ಹದಿನಾರು ಲೇನೂ ನೇರ ಪ್ರೊಸೆಸರಿಗೇ. ಚಿಪ್‌ಸೆಟ್ಟಿಗೆ ಉಳಿದದ್ದು ಯುಎಸ್‌ಬಿ, ನೆಟ್‌ವರ್ಕ್, ಹೆಚ್ಚುವರಿ ಎಸ್‌ಎಸ್‌ಡಿಗಳ ಕಾರಭಾರ. ನಿಮ್ಮ ಹುಡುಗ ಹೇಳುವ ಈ ಎಎಮ್‌ಡಿ ಬೋರ್ಡುಗಳಲ್ಲಿ ಇವೆಲ್ಲ ಪ್ರೊಸೆಸರ್ ಮುಟ್ಟಲು ನಾಲ್ಕೇ ಲೇನು. ಸಂಜೆ ಅಲಕಾ ಟಾಕೀಸ್ ಕಡೆಯ ಗಾಡಿಗಳೆಲ್ಲ ಲಕಡಿ ಪೂಲೆಂಬ ಒಂದೇ ಸೇತುವೆಗೆ ನುಗ್ಗಿದ ಹಾಗೆ. ಗ್ರಾಫಿಕ್ಸ್ ಕಾರ್ಡಿನ ಮನೆ ಪೂಲಿನಾಚೆ, ಪ್ರೊಸೆಸರಿನ ಕಡೆಯ ಡೆಕ್ಕನ್ನಿನಲ್ಲೇ ಇದೆ, ಅದಕ್ಕೆ ಪೂಲಿನ ಗೊಡವೆಯೇ ಇಲ್ಲ.

“ಹಂಗಾರ ಎಕ್ಸ್‌ಗೆ ಯಾಕ ಅಷ್ಟು ರೊಕ್ಕ?”

ಮಜಾ ಇರುವುದೇ ಇಲ್ಲಿ. ಬಿ650ರಲ್ಲಿ ಒಂದು ಚಿಪ್ಪು. ಎಕ್ಸ್870ಇನಲ್ಲಿ ಅಂಥದೇ ಎರಡು, ಒಂದರ ಬೆನ್ನಿಗೆ ಇನ್ನೊಂದು. ಪೋರ್ಟು ಹೆಚ್ಚಾದವು, ಪೂಲು ಅಷ್ಟೇ ಅಗಲ. ‘ಇ’ ಇಲ್ಲದ ಬರೀ ಎಕ್ಸ್870ರಲ್ಲಂತೂ ಒಂದೇ ಚಿಪ್ಪು! ಯುಎಸ್‌ಬಿ4 ಕಡ್ಡಾಯ ಅನ್ನುವುದು ನಿಜ. ಗೇಮಿಗೆ ಅದರಿಂದ ಏನಾಗಬೇಕು? ಹುಡುಗನಿಗೆ ಪ್ರೊಸೆಸರನ್ನು ನಿಗದಿಗಿಂತ ಜೋರಾಗಿ ಓಡಿಸುವ ಓವರ್‌ಕ್ಲಾಕಿನ ಹುಚ್ಚಿದ್ದರೆ ಎಎಮ್‌ಡಿಯ ಬಿ ಬೋರ್ಡೂ ಸಾಕು. ಅದಕ್ಕೂ ಕೆಳಗಿನ ಎ620ರಲ್ಲಿ ಆಗುವುದಿಲ್ಲ. ಇಂಟೆಲ್ ಆದರೆ ಝಡ್ ಅಕ್ಷರಕ್ಕೇ ದಕ್ಷಿಣೆ ಇಡಬೇಕು.

ಕಾಕಾ ಮೊಬೈಲಿನಲ್ಲಿ ಒಂದು ಅಗ್ಗದ ಬೋರ್ಡಿನ ಫೋಟೋ ತೋರಿಸಿದರು. ಪ್ರೊಸೆಸರ್ ಕೂರುವ ಚೌಕದ ಪಕ್ಕ ಸಾಲಾಗಿ ಸಣ್ಣ ಚೌಕದ ಡಬ್ಬಿಗಳು, ಅಕ್ಕಪಕ್ಕ ಶಾಖ ಹೀರುವ ಅಲ್ಯೂಮಿನಿಯಂ ತುಂಡು ಎಲ್ಲೂ ಇಲ್ಲ. ಪ್ರೊಸೆಸರಿಗೆ ಕರೆಂಟು ಹದಮಾಡಿ ಕೊಡುವ ವಿಆರ್‌ಎಮ್ ಅದು. ಏಪ್ರಿಲ್, ಮೇ ತಿಂಗಳಲ್ಲಿ ಪುಣೆ ನಲವತ್ತು ಡಿಗ್ರಿ ಹತ್ತಿರ ಹೋದಾಗ ದೊಡ್ಡ ಪ್ರೊಸೆಸರ್ ಕೂರಿಸಿದರೆ ಕಾಯುವುದು ಇದೇ. ಅಕ್ಷರ ಬಿಟ್ಟು ಇದನ್ನು ನೋಡಿ ಕಾಕಾ ಎಂದೆ. ಇನ್ನೊಂದು: ಬಿ650 ಬಂದದ್ದು 2022ರಲ್ಲಿ, ಎಎಮ್‌ಡಿಯ ರೈಜನ್ 9000 ಪ್ರೊಸೆಸರ್ ಬಂದದ್ದು 2024ರಲ್ಲಿ. ಅಂಗಡಿಯವನು ಹಳೇ ಸ್ಟಾಕ್ ಕೊಟ್ಟರೆ ಅದರ ಹಳೇ ಬಯೋಸಿಗೆ ಹೊಸ ಪ್ರೊಸೆಸರಿನ ಗುರುತು ಸಿಗದೆ ಪರದೆ ಕಪ್ಪಗೇ ಉಳಿದೀತು. ಪೆನ್‌ಡ್ರೈವಿನಿಂದ ಬಯೋಸ್ ಹೊಸದು ಮಾಡುವ ಗುಂಡಿ ಹಿಂದುಗಡೆ ಇದೆಯೇ ಅಂತ ಕೇಳಿ.

“ಬೆಂಗಳೂರಿನ ಎಸ್.ಪಿ. ರೋಡಿನಾಗ ಅಗ್ಗ ಸಿಗತಾವಂತ?”

ಸಿಕ್ಕರೂ ಕೆಟ್ಟರೆ ರಾತ್ರಿ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವರು ಯಾರು? ಇಲ್ಲೇ ಬಿಲ್ಲು ಹಾಕಿಸಿ ತಗೊಳ್ಳಿ, ಪುಣೆಯ ಅಂಗಡಿಗಳು ನಿದ್ದೆ ಮಾಡುವ ಮಧ್ಯಾಹ್ನ ಒಂದರಿಂದ ನಾಲ್ಕು ಬಿಟ್ಟು. ಬೋರ್ಡಿನಲ್ಲಿ ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಗೇಮು ಓಡುವುದು ಅದರಿಂದ.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಕಾಕಾ ಗೋಡೆಯಿಂದ ಮೊಣಕೈ ತೆಗೆದರು.

“ಉಳೀತು ಅಂದ್ಯಲ್ಲಪಾ? ಮತ್ತ ಯಾಕ ಹಾಕಬೇಕು?”